ಸೈಕಲ್ಲು, ಕ್ಯಾಮೆರಾ ಮತ್ತು ಮನೆಯಲ್ಲಿ ಉಳಿದವರು

ದಸರೆಯ ರಜೆಯಲ್ಲಿ ಒಂದು ಮಧ್ಯಾಹ್ನ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಹಿತ್ತಲಲ್ಲಿ ಕೂತಿದ್ದೆ. ಅಂಗಳದಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಸಮಾಜ ಪಾಠಕ್ಕೆ ಮೊದಲ ಬೆಂಚಿನಲ್ಲಿ ಕೂತವಳು. ಈಗ ಬೆಂಗಳೂರಿನಲ್ಲಿ ಮದುವೆ, ಸಮಾರಂಭಗಳ ವಿಡಿಯೋ ತೆಗೆಯುವವರ ಹತ್ತಿರ ಕೆಲಸ ಮಾಡುತ್ತಾಳೆ. ಬಗಲ ಚೀಲದಿಂದ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತೆಗೆದು ನನ್ನ ಮುಂದಿಟ್ಟಳು.

"ಅಕ್ಕೋರೆ, ಬೀದರದಿಂದ ಚಾಮರಾಜನಗರದ ಮಟ ಸೈಕಲ್ ಮ್ಯಾಲೆ ಹೊಂಟೀನ್ರಿ. ದಾರಿಯೊಳಗ ಒಂದು ಡಾಕ್ಯುಮೆಂಟರಿ ಮಾಡ್ತೀನಿ. ಈ ಪ್ಲಾನ್ ಒಮ್ಮೆ ನೋಡಿಕೊಡ್ರಿ" ಅಂದಳು.

ಕೈ ತೊಳೆದುಕೊಂಡು ಬಂದು ಪುಸ್ತಕ ತೆರೆದೆ. ಅಚ್ಚುಕಟ್ಟಾಗಿ ಬರೆದಿದ್ದಳು. ಬಳಸುದಾರಿಯೆಲ್ಲ ಸೇರಿ 1,100 ಕಿಲೋಮೀಟರು, ಹನ್ನೊಂದು ದಿನ, ದಿನಕ್ಕೆ ನೂರು. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಸೈಕಲ್ ಹತ್ತಿ ಶಾಲೆಗೆ ಹೋದ ಹಳ್ಳಿಯ ಹುಡುಗಿಯರು ಈಗ ಎಲ್ಲಿದ್ದಾರೆ, ಏನಾಗಿದ್ದಾರೆ ಎಂದು ಕೇಳಿ ಚಿತ್ರಿಸುವುದು ಅವಳ ವಿಚಾರ. ಇಪ್ಪತ್ತು ಜನ ಹೆಣ್ಣುಮಕ್ಕಳನ್ನು ಮಾತನಾಡಿಸಬೇಕಂತೆ. ಅವಳೂ ಅಂಥದೇ ಸೈಕಲ್ಲಿನ ಮೇಲೆ ನಮ್ಮ ಶಾಲೆಗೆ ಬಂದವಳು.

"ನೀ ಸೈಕಲ್ ಹೊಡಿಯುವಾಗ ಕ್ಯಾಮೆರಾ ಹಿಡಿಯೋರು ಯಾರವ್ವಾ?" ಅಂತ ಕೇಳಿದೆ.

"ನಾನ ರೀ. ಸ್ಟ್ಯಾಂಡಿಗೆ ಹಚ್ಚಿ ಇಡ್ತೀನಿ."

"ಅವ್ವ ಏನಂದಳು?"

ಅದಕ್ಕೆ ಅವಳು ಉತ್ತರ ಕೊಡಲಿಲ್ಲ. ಪುಸ್ತಕವನ್ನು ನನ್ನಲ್ಲೇ ಬಿಟ್ಟು, "ಎರಡು ದಿನ ಬಿಟ್ಟು ಬರ್ತೀನ್ರಿ" ಎಂದು ಹೋದಳು.

ನನಗೆ ಸೈಕಲ್ ಪ್ರವಾಸದ ಅನುಭವವಿಲ್ಲ, ಕ್ಯಾಮೆರಾದ ಜ್ಞಾನವಂತೂ ಮೊದಲೇ ಇಲ್ಲ. ನನಗೆ ಗೊತ್ತಿರುವುದು ಒಂದಿಷ್ಟು ಇತಿಹಾಸ. ಹಿಂದೆ ಹೀಗೆ ಹೋದವರು ಏನು ಕಟ್ಟಿಕೊಂಡು ಹೋದರು, ಏನು ಬಿಟ್ಟು ಹೋದರು ಎಂದು ಆ ಎರಡು ದಿನ ಮನೆಯಲ್ಲಿದ್ದ ಪುಸ್ತಕ, ಟಿಪ್ಪಣಿಗಳನ್ನೆಲ್ಲ ಹರಡಿಕೊಂಡು ಕೂತೆ. ಸೈಕಲ್ಲೂ ಕ್ಯಾಮೆರಾವೂ ಹೆಚ್ಚು ಕಡಿಮೆ ಒಟ್ಟಿಗೇ ದೇಶ ಸುತ್ತಲು ಹೊರಟವು ಎಂಬುದು ಆಗ ಕಣ್ಣಿಗೆ ಬಿತ್ತು.

ಈಗ ನಾವು ಬಳಸುವಂಥ, ಎರಡೂ ಚಕ್ರ ಒಂದೇ ಅಳತೆಯ ಸೈಕಲ್ಲು ಬಳಕೆಗೆ ಬಂದದ್ದು 1880ರ ದಶಕದ ಕೊನೆಯಲ್ಲಿ. ಅದೇ ಹೊತ್ತಿಗೆ, 1888ರಲ್ಲಿ, ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಎಂಬ ಕೈಯಲ್ಲಿ ಹಿಡಿಯುವ ಕ್ಯಾಮೆರಾವನ್ನು ಮಾರಾಟಕ್ಕೆ ತಂದ. ಅದರೊಳಗೆ ನೂರು ಚಿತ್ರಕ್ಕಾಗುವಷ್ಟು ಫಿಲ್ಮಿನ ಸುರುಳಿ ಇರುತ್ತಿತ್ತು. ಅಲ್ಲಿಯವರೆಗೆ ಒಂದು ಚಿತ್ರ ತೆಗೆಯಬೇಕಾದರೆ ಗಾಜಿನ ಹಲಗೆ, ಮರದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು ಎಲ್ಲ ಹೊರಬೇಕಿತ್ತು. ಅದನ್ನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಯಾರು ಊರೂರು ತಿರುಗಿಯಾರು?

ಈ ಎರಡು ಹೊಸ ಸಾಧನಗಳನ್ನು ಜೋಡಿ ಮಾಡಿದವರಲ್ಲಿ ಥಾಮಸ್ ಆಲನ್ ಮತ್ತು ವಿಲಿಯಂ ಸ್ಯಾಕ್ಟಲ್‌ಬೆನ್ ಮೊದಲಿಗರ ಸಾಲಿನವರು. ಇಬ್ಬರೂ ಅಮೆರಿಕದ ಸೇಂಟ್ ಲೂಯಿಸ್ ಊರಿನ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ 1890ರ ಜೂನಿನಲ್ಲಿ ಪದವಿ ಮುಗಿಸಿದರು. ಮುಗಿಸಿದ್ದೇ ತಡ, ಪ್ರಪಂಚ ಸುತ್ತಲು ಹೊರಟುಬಿಟ್ಟರು. ಇಂಗ್ಲೆಂಡಿನಿಂದ ಯುರೋಪು, ತುರ್ಕಿ, ಪರ್ಷಿಯಾ, ತಾಷ್ಕೆಂಟು, ಗೋಬಿ ಮರುಭೂಮಿ ದಾಟಿ ಪೀಕಿಂಗು. ಮೂರು ವರ್ಷ, 15,044 ಮೈಲಿ. ನಮ್ಮ ಲೆಕ್ಕದಲ್ಲಿ 24,000 ಕಿಲೋಮೀಟರಿಗೂ ಹೆಚ್ಚು. 'ದೇಶ ಸುತ್ತು, ಕೋಶ ಓದು' ಎನ್ನುತ್ತೇವೆ. ಅವರು ಕೋಶ ಮುಗಿಸಿ ದೇಶಕ್ಕೆ ಇಳಿದಿದ್ದರು. ದಾರಿಯಲ್ಲಿ ಭಾರ ಕಡಿಮೆ ಮಾಡಿಕೊಳ್ಳಲು ಬೇಡವಾದ ಸಾಮಾನನ್ನೆಲ್ಲ ಕಳಚಿ ಬಿಟ್ಟರೂ ಕ್ಯಾಮೆರಾವನ್ನು ಬಿಡಲಿಲ್ಲ. 2,500ಕ್ಕೂ ಹೆಚ್ಚು ಚಿತ್ರ ತೆಗೆದೆವೆಂದು 1894ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ಅವುಗಳಲ್ಲಿ ನಾಲ್ಕು ನೂರರಷ್ಟು ನೆಗೆಟಿವ್‌ಗಳು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ಉಳಿದಿವೆ. ಬಜಾರಿನ ಜನ, ಸೈಕಲ್ಲಿನ ಸುತ್ತ ಮುತ್ತಿಕೊಂಡ ಮಕ್ಕಳು, ಮಣ್ಣಿನ ಗೋಡೆಗಳು. ಇವರಿಗೊಂದು ಅನುಕೂಲವಿತ್ತು. ಇಬ್ಬರು ಇದ್ದುದರಿಂದ ಒಬ್ಬ ಸೈಕಲ್ ಹತ್ತಿದರೆ ಇನ್ನೊಬ್ಬ ಚಿತ್ರ ತೆಗೆಯಬಹುದಿತ್ತು.

ಒಬ್ಬನೇ ಹೋದವನ ಕಥೆ ಬೇರೆ. ಪಿಟ್ಸ್‌ಬರ್ಗಿನ ಫ್ರಾಂಕ್ ಲೆನ್ಸ್ ಎಂಬ ಇಪ್ಪತ್ತೈದರ ತರುಣ 1892ರ ಮೇ ತಿಂಗಳಲ್ಲಿ ಹೊರಟ. 'ಔಟಿಂಗ್' ಎಂಬ ಮಾಸಪತ್ರಿಕೆ ಅವನ ಬೆನ್ನಿಗಿತ್ತು. ಅವನು ಚಿತ್ರ, ಬರಹ ಕಳಿಸಬೇಕು, ಅವರು ಅಚ್ಚು ಹಾಕಬೇಕು, ಇದು ಒಪ್ಪಂದ. ಕ್ಯಾಮೆರಾದ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಅಮೆರಿಕ ದಾಟಿದ, ಜಪಾನು, ಚೀನಾ, ಬರ್ಮಾ ದಾಟಿದ. ನಮ್ಮ ದೇಶದ ಉತ್ತರ ಭಾಗವನ್ನೂ ಕಲ್ಕತ್ತೆಯಿಂದ ಕರಾಚಿಯವರೆಗೆ ಹಾದುಹೋದ. 1894ರ ಮೇ ತಿಂಗಳಲ್ಲಿ ತುರ್ಕಿಯ ಪೂರ್ವದ ಗುಡ್ಡಗಾಡಿನಲ್ಲಿ ಕಾಣೆಯಾದ. ಪತ್ರ ನಿಂತಿತು, ಚಿತ್ರ ನಿಂತಿತು. ಮರುವರ್ಷ ಪತ್ರಿಕೆಯವರು ಹುಡುಕಲು ಕಳಿಸಿದ್ದು ಬೇರೆ ಯಾರನ್ನೂ ಅಲ್ಲ, ಆ ದಾರಿ ಕಂಡಿದ್ದ ಸ್ಯಾಕ್ಟಲ್‌ಬೆನ್‌ನನ್ನೇ. ಲೆನ್ಸ್ ಕೊಲೆಯಾದದ್ದು ತಿಳಿಯಿತು, ದೇಹ ಸಿಗಲಿಲ್ಲ.

ಈ ಕಥೆ ಓದುವಾಗ ನನ್ನ ಕಣ್ಣು ನಿಂತದ್ದು ಪಿಟ್ಸ್‌ಬರ್ಗಿನಲ್ಲಿದ್ದ ಅವನ ತಾಯಿಯ ಮೇಲೆ. ಮಗನ ಹೆಸರು ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತಿತ್ತು, ಅವಳು ಅಂಚೆಯವನ ದಾರಿ ಕಾಯುತ್ತಿದ್ದಳು. ಲೆನ್ಸ್ ತೆಗೆದ ಚಿತ್ರಗಳಲ್ಲಿ ಚೀನಾದ ಜನರಿದ್ದಾರೆ, ಬರ್ಮಾದ ಜನರಿದ್ದಾರೆ. ದಾರಿ ಕಾದವಳು ಆ ಚಿತ್ರಗಳಲ್ಲಿ ಎಲ್ಲಿರಬೇಕು?

ಅದೇ 1894ರ ಜೂನ್ ತಿಂಗಳಲ್ಲಿ ಬಾಸ್ಟನ್ ನಗರದಿಂದ ಹೆಂಗಸೊಬ್ಬಳು ಹೊರಟಳು. ಆನಿ ಕೊಪ್‌ಚೋವ್‌ಸ್ಕಿ ಅವಳ ಹೆಸರು. ಲಾಟ್ವಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದವಳು. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು, ಗಂಡ ಊರೂರು ತಿರುಗಿ ಸಾಮಾನು ಮಾರುವವನು, ಮನೆಯಲ್ಲಿ ಮೂರು ಪುಟ್ಟ ಮಕ್ಕಳು. ಲಂಡನ್‌ಡೆರಿ ಎಂಬ ಖನಿಜಜಲದ ಕಂಪನಿಯವರು ನೂರು ಡಾಲರು ಕೊಟ್ಟು ತಮ್ಮ ಫಲಕವನ್ನು ಅವಳ ಸೈಕಲ್ಲಿಗೆ ತೂಗುಹಾಕಿದರು. ಅಷ್ಟೇ ಅಲ್ಲ, ಅವಳ ಹೆಸರನ್ನೇ ಕೊಂಡರು. ಹೊರಟಾಗಿನಿಂದ ಅವಳು ಆನಿ ಲಂಡನ್‌ಡೆರಿ.

ಯೋಜನೆಯ ವಿಷಯದಲ್ಲಿ ಇವಳದು ದೊಡ್ಡ ಪಾಠ. ಉದ್ದ ಲಂಗ ತೊಟ್ಟು, 42 ಪೌಂಡು ತೂಕದ ಸೈಕಲ್ ಹತ್ತಿ ಹೊರಟವಳು ಶಿಕಾಗೋ ಮುಟ್ಟುವುದರಲ್ಲಿ ಹೈರಾಣಾದಳು. ನಮ್ಮ ತೂಕದಲ್ಲಿ ಅದು ಹತ್ತೊಂಬತ್ತು ಕಿಲೋ. ಅಲ್ಲಿ ಅದನ್ನು ಬಿಟ್ಟು 21 ಪೌಂಡಿನ ಗಂಡಸರ ಸೈಕಲ್ ತೆಗೆದುಕೊಂಡಳು. ಲಂಗ ಹೋಗಿ ಸಡಿಲ ಚಡ್ಡಿಯಂಥ ಉಡುಪು ಬಂತು. ಚಳಿಗಾಲದಲ್ಲಿ ಮುಂದಿನ ಬೆಟ್ಟ ದಾಟುವುದಾಗದೆಂದು ತಿಳಿದು ತಿರುಗಿ ನ್ಯೂಯಾರ್ಕಿಗೆ ಬಂದು, ದಿಕ್ಕನ್ನೇ ಬದಲಿಸಿ ಫ್ರಾನ್ಸಿಗೆ ಹಡಗು ಹತ್ತಿದಳು. ತಪ್ಪು ಕಂಡಾಗ ತಿದ್ದಿಕೊಳ್ಳಲು ಅವಳು ನಾಚಲಿಲ್ಲ.

ಆದರೆ ಅವಳ ಪ್ರವಾಸದ ಬಹುಭಾಗ ಹಡಗಿನ ಮೇಲೇ ಆಯಿತು. ಅಲೆಕ್ಸಾಂಡ್ರಿಯಾ, ಕೊಲಂಬೊ, ಸಿಂಗಪುರ, ಸೈಗಾನ್, ಜಪಾನಿನ ಬಂದರುಗಳು. ತನ್ನ ಚಿತ್ರಗಳನ್ನು, ಸಹಿಯನ್ನು ಮಾರಿದಳು. ಗಾಜಿನ ಚಿತ್ರಗಳಿಗೆ ದೀಪ ಹಿಡಿದು ಗೋಡೆಯ ಮೇಲೆ ಬೀಳಿಸಿ ಊರೂರಲ್ಲಿ ಭಾಷಣ ಮಾಡಿದಳು. ಇಂದಿನ ಡಾಕ್ಯುಮೆಂಟರಿಗೆ ಅದನ್ನು ಅಜ್ಜಿ ಎನ್ನಬಹುದೇನೋ. ಭಾರತದಲ್ಲಿ ಜರ್ಮನಿಯ ರಾಜಮನೆತನದವರ ಜೊತೆ ಹುಲಿ ಬೇಟೆಯಾಡಿದೆ ಎಂದೂ ಹೇಳಿದಳು. ಅದು ಕಟ್ಟುಕಥೆ. ಜನ ಬಾಯಿ ಬಿಟ್ಟು ಕೇಳಿದರು. 1895ರ ಸೆಪ್ಟೆಂಬರಿನಲ್ಲಿ ಶಿಕಾಗೋ ಮುಟ್ಟಿ ಪ್ರಯಾಣ ಮುಗಿಸಿದಳು.

ಸುಳ್ಳು ಹೇಳಿದಳೆಂದು ಅವಳನ್ನು ಬೈಯಲು ನನಗೆ ಮನಸ್ಸು ಬಾರದು. ಹಣ ದುಡಿಯಬೇಕಿತ್ತು, ಜನ ಕೇಳಬಯಸಿದ್ದನ್ನೇ ಹೇಳಿದಳು. ಹುಲಿಯ ಸುಳ್ಳಿಗಿಂತ ನನ್ನನ್ನು ಕಾಡಿದ್ದು ಅವಳು ಹೇಳದೆ ಬಿಟ್ಟ ನಿಜ. ಊರೂರಲ್ಲಿ ತಾನು ಮದುವೆಯಾಗದ ಹೆಣ್ಣೆಂಬಂತೆ ನಡೆದುಕೊಂಡಳು. ಹದಿನೈದು ತಿಂಗಳು ಮೂರು ಮಕ್ಕಳನ್ನು ನೋಡಿಕೊಂಡವರು ಯಾರು, ಅವಕ್ಕೆ ಜ್ವರ ಬಂದ ರಾತ್ರಿ ಎದ್ದು ಕೂತವರು ಯಾರು ಎಂಬುದು ಆ ದೀಪದ ಬೆಳಕಿಗೆ ಬರಲೇ ಇಲ್ಲ. ಹೊರಗೆ ಹೊರಟ ಹೆಣ್ಣು ಮನೆಯನ್ನು ಮುಚ್ಚಿಡಬೇಕಾಯಿತು. ಹೊರಟ ಗಂಡಸಿಗೆ ಆ ಕಷ್ಟ ಇರಲಿಲ್ಲ. ಅವನ ಮನೆಯ ವಿಷಯ ಯಾರೂ ಕೇಳುತ್ತಿರಲಿಲ್ಲ.

ಇಲ್ಲಿಂದ ಸುಮಾರು ಎಪ್ಪತ್ತು ವರ್ಷ ಮುಂದೆ ಬರುತ್ತೇನೆ. ಐರ್ಲೆಂಡಿನ ಲಿಸ್ಮೋರ್ ಎಂಬ ಸಣ್ಣ ಊರಿನಲ್ಲಿ ಡರ್ವ್ಲಾ ಮರ್ಫಿ ಎಂಬ ಹುಡುಗಿಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಎರಡು ಉಡುಗೊರೆ ಬಂದವು. ಒಂದು ಹಳೆಯ ಸೈಕಲ್ಲು, ಇನ್ನೊಂದು ಹಳೆಯ ಭೂಪಟಗಳ ಪುಸ್ತಕ. ಅದು 1941ರ ನವೆಂಬರು. ಕೆಲವೇ ದಿನಗಳಲ್ಲಿ, ತಾನು ಸೈಕಲ್ಲಿನ ಮೇಲೆ ಭಾರತಕ್ಕೆ ಹೋಗುವುದೆಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ. ಹೊರಡುವುದಕ್ಕೆ ಇಪ್ಪತ್ತೊಂದು ವರ್ಷ ಬೇಕಾಯಿತು. ತಾಯಿಗೆ ಕೀಲುವಾತ, ಕೈಕಾಲು ಆಡುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಮಗಳು ತಾಯಿಯ ಸೇವೆಗೆ ನಿಂತಳು. ತಂದೆ 1961ರಲ್ಲಿ ತೀರಿಕೊಂಡರು, ತಾಯಿ 1962ರಲ್ಲಿ. 1963ರ ಜನವರಿಯಲ್ಲಿ, ಯುರೋಪು ಕಂಡರಿಯದ ಚಳಿಯಲ್ಲಿ, ಅವರು ಹೊರಟೇ ಬಿಟ್ಟರು. ಆಗ ಅವರಿಗೆ ಮೂವತ್ತೊಂದು.

ಇಷ್ಟು ವರ್ಷ ಕಾದವರ ಸಿದ್ಧತೆ ನೋಡಿ ಹೇಗಿತ್ತು! ಏಷ್ಯಾದ ರಸ್ತೆಗೆ ನಾಜೂಕಿನ ಗೇರು ತಾಳದೆಂದು ಅದನ್ನು ಬಿಚ್ಚಿಸಿಬಿಟ್ಟರು. ಹೆಚ್ಚುವರಿ ಟೈರುಗಳನ್ನು ಹೊತ್ತುಕೊಳ್ಳುವ ಬದಲು ದಾರಿಯ ಊರುಗಳಲ್ಲಿದ್ದ ಬ್ರಿಟಿಷ್ ರಾಯಭಾರ ಕಚೇರಿಗಳಿಗೆ ಮೊದಲೇ ಅಂಚೆಯಲ್ಲಿ ಕಳಿಸಿಟ್ಟರು. ಒಂದು ಪಿಸ್ತೂಲು ತೆಗೆದುಕೊಂಡು ಹೊಡೆಯುವುದನ್ನು ಕಲಿತರು. ಸೈಕಲ್ಲಿಗೆ 'ರಾಜ್' ಎಂದು ಹೆಸರಿಟ್ಟರು. ನಮ್ಮ ರಾಜ ಅಲ್ಲ, ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ರೊಸಿನಾಂಟೆಯ ಮುದ್ದಿನ ಹೆಸರು. ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಜುಲೈ ತಿಂಗಳಲ್ಲಿ ದಿಲ್ಲಿ ಮುಟ್ಟಿದರು. ಅಫ್ಘಾನಿಸ್ತಾನದಲ್ಲಿ ಬಸ್ಸಿನೊಳಗಿನ ಜಗಳದಲ್ಲಿ ಬಂದೂಕಿನ ಹಿಡಿ ತಾಗಿ ಪಕ್ಕೆಲುಬು ಮುರಿಯಿತು. ಆದರೂ ಆ ದೇಶದ ಮೇಲಿನ ಅವರ ಪ್ರೀತಿ ಕಡಿಮೆಯಾಗಲಿಲ್ಲ.

ಅವರ ಹಿಂದೆ ಚಿತ್ರ ತೆಗೆಯುವ ತಂಡ ಇರಲಿಲ್ಲ. ದಿನವೂ ಬರೆಯುತ್ತಿದ್ದ ದಿನಚರಿಯನ್ನು ಊರಿನ ಗೆಳೆಯರಿಗೆ ಕಳಿಸುತ್ತಿದ್ದರು. 1965ರಲ್ಲಿ ಬಂದ 'ಫುಲ್ ಟಿಲ್ಟ್' ಆ ದಿನಚರಿಯೇ. ಇವರಿಗೂ ನಮಗೂ ಒಂದು ನಂಟಿದೆ. 1973ರ ಚಳಿಗಾಲದಲ್ಲಿ ಐದು ವರ್ಷದ ಮಗಳು ರೇಚಲ್‌ಳನ್ನು ಕರೆದುಕೊಂಡು ಬಂದು ನಮ್ಮ ಕೊಡಗಿನಲ್ಲಿ ಕೆಲವು ತಿಂಗಳು ಇದ್ದರು. 1976ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಕೊಡಗು ಇದೆ. ಮಗಳೊಡನೆ ಅವರು ಮಾಡಿದ ಮೊದಲ ದೊಡ್ಡ ಪ್ರವಾಸ ಅದು. ಮೊದಲು ತಾಯಿಗಾಗಿ ನಿಂತರು, ಆಮೇಲೆ ಮಗಳನ್ನು ಜೊತೆಗೇ ಕರೆದೊಯ್ದರು. ಎರಡನ್ನೂ ಮುಚ್ಚಿಡಲಿಲ್ಲ. ತಾಯಿಯ ಕಾಯಿಲೆಯ ಆ ವರ್ಷಗಳನ್ನು, ತಮಗೆ ಬಂದ ಸಿಟ್ಟು ಬೇಸರಗಳನ್ನೂ ಬಿಡದೆ, 1979ರ ಆತ್ಮಕಥೆಯಲ್ಲಿ ಬರೆದರು. ಅವರ ಮೇಲೆಯೇ ಒಂದು ಡಾಕ್ಯುಮೆಂಟರಿ ಬಂದದ್ದು 2016ರಲ್ಲಿ, ಅವರು ಎಂಬತ್ತು ದಾಟಿದ ಮೇಲೆ. 2022ರ ಮೇ ತಿಂಗಳಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಸೈಕಲ್ ತುಳಿಯುತ್ತಲೇ ಸಿನಿಮಾ ತೆಗೆದವನ ಕಥೆ. ಸ್ಕಾಟ್ಲೆಂಡಿನ ಮಾರ್ಕ್ ಬೋಮಾಂಟ್ ಇಪ್ಪತ್ತನಾಲ್ಕರ ಹುಡುಗ. 2007ರ ಆಗಸ್ಟ್ 5ರಂದು ಪ್ಯಾರಿಸ್ಸಿನಿಂದ ಒಬ್ಬನೇ ಹೊರಟ. ಅವನು ಹೊತ್ತದ್ದು ಎರಡು ಕೆಲಸ. ಒಂದು, ಸೈಕಲ್ಲಿನ ಮೇಲೆ ಪ್ರಪಂಚ ಸುತ್ತಿದ ದಾಖಲೆ ಮುರಿಯುವುದು. ಎರಡು, ಬಿಬಿಸಿಗಾಗಿ ಆ ಪ್ರವಾಸವನ್ನು ತಾನೇ ಚಿಕ್ಕ ವಿಡಿಯೋ ಕ್ಯಾಮೆರಾದಲ್ಲಿ ಚಿತ್ರಿಸುವುದು. ದಾಖಲೆಯ ನಿಯಮ ಕಟ್ಟುನಿಟ್ಟು. ಕನಿಷ್ಠ 18,000 ಮೈಲಿ ಸೈಕಲ್ಲಿನ ಮೇಲೇ ಹೋಗಬೇಕು, ಒಂದೇ ದಿಕ್ಕಿನಲ್ಲಿ ಹೋಗಬೇಕು, ಭೂಮಿಯ ಎದುರುಬದುರಾದ ಎರಡು ಸ್ಥಳ ಮುಟ್ಟಬೇಕು. ಅದಕ್ಕಾಗಿ ದಿನಕ್ಕೆ ನೂರು ಮೈಲಿಯ ಗುರಿ ಇಟ್ಟುಕೊಂಡಿದ್ದ. ಇರಾನ್, ಪಾಕಿಸ್ತಾನ ದಾಟಿ ನಮ್ಮ ಪಂಜಾಬಿನ ಗಡಿಯಿಂದ ಕಲ್ಕತ್ತೆಯವರೆಗೂ ತುಳಿದ. ಪಾಕಿಸ್ತಾನದಲ್ಲಿ ಪೊಲೀಸರ ಜೀಪು ಹಿಂದೆ ಮುಂದೆ. ಅಮೆರಿಕದ ಲೂಸಿಯಾನಾದಲ್ಲಿ ಕಾರೊಂದು ಬಡಿದು ಕೆಡವಿತು. 2008ರ ಫೆಬ್ರವರಿ 15ರಂದು ಪ್ಯಾರಿಸ್ಸಿಗೆ ವಾಪಸು ಬಂದಾಗ 194 ದಿನ, 17 ಗಂಟೆ ಆಗಿತ್ತು. ಹಳೆಯ ದಾಖಲೆ 276 ದಿನ.

ಆ ನೂರು ಮೈಲಿಯ ನಡುವೆ ಕ್ಯಾಮೆರಾದ ಕೆಲಸ ಹೇಗಿರುತ್ತದೆಂದು ಸ್ವಲ್ಪ ಯೋಚಿಸಿ. ಸೈಕಲ್ಲು ದೂರದಿಂದ ಬಂದು ಹಾದುಹೋಗುವ ಒಂದು ನೋಟ ಬೇಕಾದರೆ ಮೊದಲು ಇಳಿಯಬೇಕು, ಕ್ಯಾಮೆರಾವನ್ನು ರಸ್ತೆಯ ಬದಿಗೆ ನಿಲ್ಲಿಸಬೇಕು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು, ಮತ್ತೆ ತುಳಿದುಕೊಂಡು ಅದರ ಮುಂದೆ ಹಾಯಬೇಕು, ತಿರುಗಿ ಬಂದು ಅದನ್ನು ಎತ್ತಿಕೊಳ್ಳಬೇಕು. ತೆರೆಯ ಮೇಲೆ ಐದು ಸೆಕೆಂಡು ಓಡುವ ಚಿತ್ರಕ್ಕೆ ರಸ್ತೆಯ ಮೇಲೆ ಹತ್ತು ನಿಮಿಷ. ಮುಳ್ಳಿಗೆ ಟೈರು ಪಂಕ್ಚರಾದಾಗ, ಹೊಟ್ಟೆ ಕೆಟ್ಟಾಗ, ಅಳು ಬಂದಾಗ ಕ್ಯಾಮೆರಾ ತೆಗೆಯಲು ಯಾರಿಗೆ ಮನಸ್ಸಾಗುತ್ತದೆ? ಆದರೆ ನೋಡುವವರಿಗೆ ಬೇಕಾಗಿರುವುದು ಆ ಗಳಿಗೆಯೇ.

ಬೋಮಾಂಟ್‌ನ ಪ್ರವಾಸದಲ್ಲಿ ನನಗೆ ಬಹಳ ಹಿಡಿಸಿದವರು ಅವನ ತಾಯಿ ಊನಾ. ಇಡೀ ಪ್ರವಾಸದ ಕಚೇರಿ ನಡೆದದ್ದು ಸ್ಕಾಟ್ಲೆಂಡಿನಿಂದ, ಅವರ ಕೈಯಲ್ಲಿ. ಮುಂದಿನ ಊರಿನ ವ್ಯವಸ್ಥೆ, ಕಾಗದಪತ್ರ, ಫೋನು ಎಲ್ಲ ಅವರದೇ. ಮಗ ಮಲಗಿದಾಗಲೂ ಅವರು ಎದ್ದಿರಬೇಕಾಗುತ್ತಿತ್ತು. ಸಮಯವೇ ಬೇರೆ ಬೇರೆಯಲ್ಲ! ಇವರನ್ನು ಮಗ ಮುಚ್ಚಿಡಲಿಲ್ಲ, ಹೆಸರಿಟ್ಟು ಹೇಳಿದ. ಅದೇ ಬೋಮಾಂಟ್ 2017ರಲ್ಲಿ ಮತ್ತೆ ಪ್ರಪಂಚ ಸುತ್ತಿದಾಗ 78 ದಿನ, 14 ಗಂಟೆ, 40 ನಿಮಿಷ ಹಿಡಿಯಿತು. ಆ ಸಲ ಜೊತೆಗೆ ವಾಹನವಿತ್ತು, ಅಡುಗೆಯವರಿಂದ ಹಿಡಿದು ಚಿತ್ರ ತೆಗೆಯುವವರ ತನಕ ತಂಡವಿತ್ತು. 194 ದಿನಕ್ಕೂ 78 ದಿನಕ್ಕೂ ಇರುವ ಅಂತರ ಬರಿ ಕಾಲಿನ ಶಕ್ತಿಯದಲ್ಲ. ತುಳಿಯುವವನ ಹೆಗಲಿನಿಂದ ಉಳಿದ ಭಾರವನ್ನೆಲ್ಲ ಬೇರೆಯವರು ಇಳಿಸಿಕೊಂಡಿದ್ದರು.

ಇಷ್ಟನ್ನು ಓದಿಕೊಂಡ ಮೇಲೆ ನನ್ನ ಹುಡುಗಿಯ ನೋಟುಪುಸ್ತಕಕ್ಕೆ ಮರಳಿದೆ. ಪೆನ್ಸಿಲು ತೆಗೆದುಕೊಂಡು, ಶಾಲೆಯ ವೇಳಾಪಟ್ಟಿ ಹಾಕುವ ಹಾಗೆ ಲೆಕ್ಕ ಹಾಕಿದೆ. ಸಾಮಾನು ಹೇರಿದ ಸೈಕಲ್ಲು ಗಂಟೆಗೆ ಹದಿನೈದು ಕಿಲೋಮೀಟರು ಹೋದರೆ ನೂರಕ್ಕೆ ಸುಮಾರು ಏಳು ಗಂಟೆ. ದಿನಕ್ಕೆ ಹತ್ತು ನೋಟ ತೆಗೆದರೆ ಎರಡು ಗಂಟೆ ಹತ್ತಿರ. ಇಬ್ಬರನ್ನು ಮಾತನಾಡಿಸಿದರೆ ಅದಕ್ಕೆ ನಾಲ್ಕು ಗಂಟೆ ಇಡಬೇಕು. ಹಳ್ಳಿಯ ಹೆಂಗಸು ಬಂದ ಕೂಡಲೇ ಕ್ಯಾಮೆರಾದ ಮುಂದೆ ಕೂತು ಮಾತಾಡುವುದಿಲ್ಲ. ಮೊದಲು ನೀರು ಕೊಡುತ್ತಾಳೆ, ಚಹಾ ಇಡುತ್ತಾಳೆ, ನಿನ್ನ ಊರು ಯಾವುದು, ಮದುವೆ ಆಗಿದೆಯೇ ಎಂದು ಕೇಳುತ್ತಾಳೆ. ಅತ್ತೆಯ ಮುಖ ನೋಡುತ್ತಾಳೆ. ಅವಳ ಒಪ್ಪಿಗೆ ಎಂದರೆ ಒಂದು ಕಾಗದದ ಮೇಲಿನ ಸಹಿಯಷ್ಟೇ ಅಲ್ಲ. ಒಟ್ಟು ಹದಿಮೂರು ಗಂಟೆ ಆಯಿತು. ಜನವರಿಯಲ್ಲಿ ನಮ್ಮಲ್ಲಿ ಹಗಲೇ ಹನ್ನೊಂದೂವರೆ ಗಂಟೆ. ಇನ್ನು ಊಟ ಯಾವಾಗ, ಬ್ಯಾಟರಿಗೆ ಕರೆಂಟು ಎಲ್ಲಿ, ತೆಗೆದದ್ದನ್ನೆಲ್ಲ ರಾತ್ರಿ ಇನ್ನೊಂದು ಕಡೆ ನಕಲು ಮಾಡಿಡುವುದು ಯಾವಾಗ?

ಅವಳು ಮತ್ತೆ ಬಂದಾಗ ಇದನ್ನೆಲ್ಲ ತೋರಿಸಿದೆ. "ದಿನಕ್ಕ ಐವತ್ತು ಕಿಲೋಮೀಟರ್ ಇಟ್ಟುಕೋ. ಇಪ್ಪತ್ತೆರಡು ದಿನ ಆಗತೈತಿ. ನಡುವ ನಾಕು ದಿನ ಪೂರಾ ಸೈಕಲ್ ಹತ್ತಬ್ಯಾಡ" ಅಂದೆ. ಕತ್ತಲಾಗುವ ಮೊದಲು ತಂಗುವ ಊರು ಮುಟ್ಟಬೇಕು, ಇರುವ ಜಾಗವನ್ನು ಅಂದಂದೇ ಎಲ್ಲರಿಗೂ ಸಾರಬಾರದು, ಪ್ರತಿ ವಾರ ತೆಗೆದ ಚಿತ್ರದ ಒಂದು ನಕಲು ಮನೆಗೆ ಬರಬೇಕು ಎಂದೂ ಬರೆಸಿದೆ. ಲೆನ್ಸ್‌ನ ಕಥೆ ಹೇಳಿದೆ, ಊನಾರ ಕಥೆ ಹೇಳಿದೆ.

ಇಪ್ಪತ್ತಾರು ದಿನ ರಜೆ ಸಿಗುವುದಿಲ್ಲ ಎಂದು ಅವಳು ಮುಖ ಸಣ್ಣದು ಮಾಡಿದಳು. ಆಮೇಲೆ ತಾನೇ, "ಹಂಗಾದ್ರ ಬೀದರದಿಂದ ಹರಿಹರದ ಮಟ ಈ ಸಲ, ಉಳಿದದ್ದು ಬರೋ ವರ್ಷ" ಅಂದಳು. ದಿಕ್ಕು ಬದಲಿಸಿದ ಆನಿ ನೆನಪಾದಳು. ಇದು ಸೋಲಲ್ಲ ಎಂದೆ.

ಅಷ್ಟರಲ್ಲಿ ಅವಳ ಅವ್ವನೂ ಬಂದಳು. ಮಗಳನ್ನು ಹುಡುಕಿಕೊಂಡೇ ಬಂದದ್ದು. ನಮ್ಮ ಓಣಿಯ ಹಿಂದೆ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವವಳು. ಬಾಗಿಲಲ್ಲೇ ನಿಂತು, "ಅಕ್ಕೋರೆ, ನೀವರೆ ಒಂದು ಮಾತು ಹೇಳ್ರಿ. ಒಬ್ಬಾಕಿ ಹೆಣ್ಣುಮಗಳು, ರಸ್ತೆ ಮ್ಯಾಲೆ..." ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಏನು ಹೇಳಲಿ? ಅವಳ ಹೆದರಿಕೆ ಸುಳ್ಳಲ್ಲ. ಒಳಗೆ ಕರೆದು ಕೂರಿಸಿದೆ. ಮಾತು ತಿರುಗಿಸಲೆಂದು, "ನಿನ್ನ ಮಗಳಿಗೆ ಸಾಲ್ಯಾಗ ಕೊಟ್ಟ ಸೈಕಲ್ ಏನಾತು?" ಎಂದು ಕೇಳಿದೆ.

ಅವಳು ಒಮ್ಮೆ ಮಗಳನ್ನು ನೋಡಿ ತಲೆ ತಗ್ಗಿಸಿ ನಕ್ಕಳು. "ಈಕಿ ಕಾಲೇಜಿಗೆ ಹ್ವಾದಮ್ಯಾಲೆ ನಾನ ಕಲತೆ ರೀ. ರಾತ್ರಿ ಹತ್ತರ ಮ್ಯಾಲೆ, ಸಾಲಿ ಬಯಲಾಗ. ಎಂಟು ವರ್ಷ ಅದರ ಮ್ಯಾಲೆ ಬಟ್ಟಿ ಗಂಟು ತಂದೀನಿ, ಕೊಟ್ಟೀನಿ."

ಮಗಳು ಅವ್ವನ ಮುಖವನ್ನೇ ನೋಡುತ್ತ ಕೂತಳು. ಅವ್ವ ಸೈಕಲ್ ಹೊಡೆಯುವುದು ಅವಳಿಗೆ ಗೊತ್ತಿತ್ತು. ಆದರೆ ಯಾವಾಗ ಕಲಿತಳು, ಯಾರಿಗೂ ಕಾಣದಂತೆ ಹೇಗೆ ಕಲಿತಳು ಎಂದು ಕೇಳಿರಲಿಲ್ಲ. ಇಪ್ಪತ್ತು ಹೆಂಗಸರ ಪಟ್ಟಿಯನ್ನು ನೋಟುಪುಸ್ತಕದಲ್ಲಿ ಬರೆದಿದ್ದಳು, ಅದರಲ್ಲಿ ಅವ್ವನ ಹೆಸರಿರಲಿಲ್ಲ.

ನನಗೆ ನನ್ನ ಅವ್ವ ನೆನಪಾದಳು. ಆರನೆಯ ತರಗತಿಯಲ್ಲಿದ್ದಾಗ ಗಂಟೆಗೆ ಎಂಟಾಣೆಯ ಬಾಡಿಗೆ ಸೈಕಲ್ ತಂದು, ಅಡ್ಡಪಟ್ಟಿಯ ಕೆಳಗಿನಿಂದ ಕಾಲು ತೂರಿಸಿ ತುಳಿಯಲು ಕಲಿತೆ. ಸಂಜೆ ಮಬ್ಬಿನಲ್ಲಿ, ಊರವರ ಕಣ್ಣಿಗೆ ಬೀಳದ ಹಾಗೆ, ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ಓಡುತ್ತಿದ್ದವಳು ಅವ್ವ. ಒಂದು ಕೈಯಲ್ಲಿ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ನಾನು ಸೈಕಲ್ ಮೇಲಿರುವ ಒಂದು ಫೋಟೋ ಇಲ್ಲ. ಅವ್ವ ಓಡುವುದರದಂತೂ ಯಾರೂ ತೆಗೆಯುವ ಹಾಗಿರಲಿಲ್ಲ. ಯಾವಾಗ ಕೈ ಬಿಟ್ಟಳೋ ನನಗೆ ತಿಳಿಯಲಿಲ್ಲ. ಹಿಂದಿರುಗಿ ನೋಡಿದಾಗ ದೂರದಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು.

ಹುಡುಗಿ ನೋಟುಪುಸ್ತಕ ತೆಗೆದು ಮೊದಲ ಪುಟದಲ್ಲಿ ಏನೋ ಬರೆದಳು. ಬಗ್ಗಿ ನೋಡಿದೆ. 'ಸೊನ್ನೆ ಕಿಲೋಮೀಟರು, ನಮ್ಮ ಮನೆ, ಅವ್ವ' ಎಂದಿತ್ತು.

ಅವ್ವನಿಗೆ ಅದನ್ನು ಓದಿ ಹೇಳಿದೆ. "ನಂದೇನು ತಗೀತಾಳ ರೀ ಈಕಿ" ಎಂದು ನಾಚಿಕೊಂಡಳು. ಹೋಗಬೇಡ ಎನ್ನುವ ಮಾತನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಎದ್ದು ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, "ದಿನಾ ರಾತ್ರಿ ಫೋನ್ ಮಾಡಬೇಕು, ಅದನ್ನೂ ಬರಿ ಆ ಪುಸ್ತಕದಾಗ" ಎಂದು ಮಗಳಿಗೆ ಹೇಳಿದಳು.